ಬಂದರಿನ ಖಾಲಿ ಕಟ್ಟೆ

ಕಾಕಾ,

ನೀವು ತೀರಿಹೋದಮೇಲೆ ಮೊದಲ ಸಲ ನಿಮ್ಮ ಫೋಟೋ ಸಂಗ್ರಹದ ಪ್ರದರ್ಶನ, ಇವತ್ತು ಹನ್ನೊಂದಕ್ಕೆ, ರಾಯಚೂರಿನಲ್ಲಿ. ಬಂದರಿನ ಚಿತ್ರದ ಬಗ್ಗೆ ನಿಮ್ಮ ಹಳೆಯ ಭಾಷಣವನ್ನು ನಾನೇ ಓದಬೇಕಂತೆ. ಈಗ ಒಂಬತ್ತೂವರೆ.

ಮಾನ್ವಿಯಿಂದ ನಾನು ನಿಮ್ಮ ಸ್ಟುಡಿಯೋಕ್ಕೆ ಬಂದ ವರ್ಷ ನೆನಪಿದೆಯೇ? ಮದುಮಕ್ಕಳ ಫೋಟೋ ಚಂದ ಬರಲೆಂದು ನೆಗೆಟಿವ್ ಮೇಲಿನ ಕಲೆಗಳನ್ನು ಬ್ಲೇಡಿನಿಂದ ಕೆರೆಯುವುದೇ ನನ್ನ ಕೆಲಸ. ಕಲೆ ಕಂಡರೆ ಬ್ಲೇಡು ತಾನಾಗಿ ಕೈಗೆ ಬರುತ್ತಿತ್ತು. ಒಂದು ಮಧ್ಯಾಹ್ನ, ಹತ್ತಿ ವ್ಯಾಪಾರಕ್ಕೆ ಹೋಗಿದ್ದ ಮುತ್ತಜ್ಜ ಬಂದರಿನಿಂದ ತಂದ ಆ ಗಾಜಿನ ನೆಗೆಟಿವ್ ಒರೆಸಲು ತೆಗೆದೆ. ಹಿಂದೆ ಹಡಗುಗಳು, ಮುಂದೆ ಕಲ್ಲುಕಟ್ಟೆ, ಅದರ ಮೇಲೆ ಬೂಷ್ಟಿನಂಥ ಕಲೆ. ಕೆರೆದುಬಿಟ್ಟೆ.

ಸಂಜೆ ನೀವು ಗಾಜನ್ನು ಬೆಳಕಿಗೆ ಹಿಡಿದು ನೋಡಿದಿರಿ. "ಇದನ್ನ ನೀ ಮುಟ್ಟಿದ್ದೇನು?" ಎಂದಿರಿ. "ಇಲ್ರೀ ಕಾಕಾ" ಎಂದೆ. ಮತ್ತೆ ಕೇಳಲಿಲ್ಲ.

ಆಮೇಲೆ ಶುರುವಾಯಿತಲ್ಲ ನಿಮ್ಮ ವ್ಯಾಖ್ಯಾನ. ಹಡಗೆಂದರೆ ಹೋಗುವವರು, ಖಾಲಿ ಕಟ್ಟೆಯೆಂದರೆ ಕಾಯುವವರಿಲ್ಲದ ಲೋಕ. ಫೋಟೋ ತೆಗೆದವನು ಬೇಕೆಂದೇ ಅದನ್ನು ಖಾಲಿ ಬಿಟ್ಟಿದ್ದಾನೆ... ಕೇಳಿದವರೆಲ್ಲ ತಲೆದೂಗುತ್ತಿದ್ದರು. ನಾನು ಚಹಾದ ಕಪ್ಪು ಜೋಡಿಸುತ್ತ ನೆಲ ನೋಡುತ್ತಿದ್ದೆ. ಇಪ್ಪತ್ತು ವರ್ಷ, ಕಾಕಾ. ಹೇಳಬೇಕೆಂದು ಬಂದಾಗಲೆಲ್ಲ ಚಹಾ ಬೇಕೇನ್ರೀ ಎಂದು ಕೇಳಿ ಹೋದೆ.

ಮೊನ್ನೆ ದೇವದುರ್ಗಕ್ಕೆ ಹೋಗಿದ್ದೆ. ನಿಮ್ಮ ತಂಗಿ, ನಮ್ಮ ಅತ್ತೆ, ಟ್ರಂಕಿನಿಂದ ಒಂದು ಲಕೋಟೆ ತೆಗೆದುಕೊಟ್ಟರು. ಅದರಲ್ಲಿ, ನಾನು ಬರುವ ಮೊದಲೇ ಅದೇ ಗಾಜಿನಿಂದ ನೀವು ತೆಗೆದಿದ್ದ ಪ್ರಿಂಟು. ಕಟ್ಟೆಯ ಮೇಲೆ ಬಿಳಿ ಸೀರೆಯ ಹೆಂಗಸು, ಹಡಗಿನ ಕಡೆ ಮುಖ. ಆಗಿನ ಕ್ಯಾಮೆರಾದ ಮುಂದೆ ಅಷ್ಟು ಹೊತ್ತು ಅಲ್ಲಾಡದೆ ನಿಲ್ಲಲಾಗದೆ ಮಸುಕಾಗಿದ್ದಾಳೆ. ನಾನು ಬೂಷ್ಟೆಂದು ಕೆರೆದದ್ದು ಅವಳನ್ನು. ಸುತ್ತ ನಿಮ್ಮ ಕೆಂಪು ಪೆನ್ಸಿಲ್, ಕೆಳಗೆ ನಿಮ್ಮ ಅಕ್ಷರ: ಕಾಯುವವಳು.

"ಅಣ್ಣಗ ಅವತ್ತ ಗೊತ್ತಾಗಿತ್ತು. ಹುಡುಗಿ ಹೆದರ್ಯಾಳ, ಬಿಡು ಅಂದ," ಎಂದರು ಅತ್ತೆ. ಪ್ರದರ್ಶನದಲ್ಲಿ ನಿಜ ಹೇಳಿಬಿಡಲೇ ಎಂದಾಗ ತಡೆದರು. "ಈಗ ಯಾಕ ಬಾಯಿ ಬಿಡ್ತಿ? ಅವನ ಮಾತೆಲ್ಲ ಸುಳ್ಳಾಗ್ತದ."

ನನ್ನ ಒಂದು ಸುಳ್ಳು ಮುಚ್ಚಲು ಅಷ್ಟು ದೊಡ್ಡ ಅರ್ಥ ಕಟ್ಟಿದಿರಾ? ನಿಮ್ಮ ಮೇಲೆ ಸಿಟ್ಟು ಬರುತ್ತಿದೆ. ಅವತ್ತೇ ಒಂದು ಸಲ ಬೈದಿದ್ದರೆ...

ಭಾಷಣ ಓದುವುದಿಲ್ಲ. ಗಾಜಿನ ಪಕ್ಕದಲ್ಲಿ ಆ ಪ್ರಿಂಟು ಇಟ್ಟು, ಕಟ್ಟೆ ಖಾಲಿ ಮಾಡಿದವಳು ನಾನೆಂದು ಎಲ್ಲರೆದುರು ಹೇಳುತ್ತೇನೆ. ಅದಕ್ಕೂ ಮೊದಲು ನೀವು ಕೇಳಿದ್ದಕ್ಕೆ ಉತ್ತರ ಕೊಡಬೇಕು.

ಹೂಂರೀ ಕಾಕಾ. ನಾನ ಮುಟ್ಟಿದ್ದೆ.