ಸಲಿಂ ಇಲ್ಲದ ಕೋಣೆ

ಶನಿವಾರ, ಜುಲೈ 6

ಫ್ಯಾನ್ ನಿಲ್ಲಿಸಿದೆ, ಟ್ಯೂಬ್‌ಲೈಟ್ ಆರಿಸಿದೆ. ಲೈಬ್ರರಿಯ ಈ ಕೋಣೆಗೆ ಕಿಟಕಿ ಬೆಳಕೇ ಸಾಕು, ಶನಿವಾರ ನನ್ನ ಕಥೆ ಕೇಳಲು ಬರುವ, ಆಟಿಸಂ ಇರುವ ಮಕ್ಕಳಿಗೆ ಅದೇ ಹಿತ. ಇಂದು ಮೊಸಳೆಯ ಕಥೆ. ಪುಟಾಣಿ ವೆನಿಂಗ್ ಎಂದಿನಂತೆ ಮೇಜಿನ ಕೆಳಗೆ, ನನಗೆ ಬೆನ್ನು ಹಾಕಿ... ಪುಟ ತಿರುವಿದಾಗಲೆಲ್ಲ ಪಾದ ಕುಣಿಯುತ್ತದೆ. ಕೇಳುತ್ತಾಳೆ, ನನಗೆ ಗೊತ್ತು.

ಮುಗಿದ ಮೇಲೆ ರಗಳೆ. ಅವಳ ಅಜ್ಜಿ, ಕಸಿಯೆಂ, ಮಗುವಿನ ಕೈ ಹಿಡಿದೆಳೆದರು. "ಟೀಚರ್‌ಗೆ ಸಲಿಂ ಮಾಡೇ! ಕೈ ತಗೊಂಡು ಹಣೆಗೆ ಒತ್ಕೊ!"

ಯಾರು ಮುಟ್ಟಿದರೂ ಸಹಿಸದ ಮಗು. ಕಿರುಚಿ ನೆಲಕ್ಕೆ ತಲೆ ಚಚ್ಚಿಕೊಂಡಳು. ನನಗೆ ತಡೆಯಲಾಗಲಿಲ್ಲ.

"ಬಿಡಿ ಅಜ್ಜಿ! ಈ ಕೋಣೇಲಿ ಸಲಿಂ ಬೇಡ. ಕೈ ಬೀಸಿದ್ರೆ ಸಾಕು."

"ಓಹೋ! ಹಿರಿಯರ ಕೈ ಮುಟ್ಟದ ಮಗು ಅಂತ ಬಾಟಿಕ್ ಬೀದಿಯೋರೆಲ್ಲ ನನ್ನ ಮುಖಕ್ಕೆ ಉಗೀಲಿ. ನಿಮಗೇನು ಹೋಗೋದು!"

ಹೊರಟೇಹೋದರು. ಇನ್ನು ಬರುವುದಿಲ್ಲವಂತೆ.

ಜುಲೈ 13

ಬರಲಿಲ್ಲ. ಮೇಜಿನ ಕೆಳಗೆ ಖಾಲಿ. ನಾನು ಹೇಳಿದ್ದು ಸರಿಯೇ. ಇನ್ನಷ್ಟು ಮೆತ್ತಗೆ ಹೇಳಬಹುದಿತ್ತು, ಅಷ್ಟೆ.

ಆಗಸ್ಟ್ 3, ಮಧ್ಯಾಹ್ನ

ಬಂದರು! ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ತಿಂಡಿ ಲೆಂಪರ್ ನನ್ನ ಕೈಗೆ ತುರುಕಿದರು ಅಜ್ಜಿ. ಮುಖ ಮಾತ್ರ ಬೇರೆ ಕಡೆ.

"ಶನಿವಾರ ಬಂತು ಅಂದ್ರೆ ಚಪ್ಪಲಿ ಹಾಕ್ಕೊಂಡು ಬಾಗ್ಲಲ್ಲೇ ಕೂರ್ತಾಳೆ. ತಟ್ಟೆ ಇಟ್ರೆ ತಳ್ತಾಳೆ. ಏನಮ್ಮ ಮಾಟ ಮಾಡಿದೀಯ?"

ನಕ್ಕುಬಿಟ್ಟೆ. ಕಣ್ಣೂ ತುಂಬಿತು. ಎಷ್ಟು ಬೀಗಿದೆನೆಂದರೆ, ಲೆಂಪರ್ ಅಷ್ಟನ್ನೂ ಒಬ್ಬಳೇ ತಿಂದೆ.

ಆಗಸ್ಟ್ 10, ಸಂಜೆ

ಗ್ರಂಥಾಲಯ ಇಲಾಖೆಯ ಮೇಡಂ ನೋಡಲು ಬಂದಿದ್ದರು. ಕಥೆ ಮುಗಿಯಿತೋ ಇಲ್ಲವೋ, ಒಬ್ಬೊಬ್ಬ ಮಗುವಿನ ಮುಂದೆಯೂ ಕೈ ಚಾಚುತ್ತ ಬಂದರು — ನಮ್ಮೂರ ದೊಡ್ಡವರ ಅಭ್ಯಾಸ. ಬಗ್ಗಿ ಮೇಜಿನ ಕೆಳಗೂ ಕೈ ತೂರಿಸಿದರು. "ಸಲಿಂ ಮಾಡು ಪುಟ್ಟಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಅಡ್ಡ ನಿಂತಿದ್ದರು.

"ಕೈ ತಗೀರಿ ಮೇಡಂ. ಇಲ್ಲಿ ಬೀಸೋದು."

"ಮರ್ಯಾದೆ ಈಗ್ಲೇ ಕಲಿಸ್ಬೇಕಲ್ವಾ ಅಜ್ಜಿ?"

"ನಮ್ಮ ಹುಡುಗಿ ಮರ್ಯಾದೆ ಇದೇ. ನೀವೂ ಬೀಸಿ ನೋಡಿ, ಕೈಯೇನೂ ಸವೆಯಲ್ಲ."

ಮೇಡಂ ಮುಖ ಕೆಂಪಾಯಿತು. ಆಮೇಲೆ ನಾಚುತ್ತ, ಬೀಸಿದರು! ಬೀದಿಯವರ ಬಾಯಿಗೆ ಹೆದರುತ್ತಿದ್ದ ಹೆಂಗಸು ಇವರೇನಾ?

ವೆನಿಂಗ್ ತೆವಳಿ ಹೊರಬಂದಳು. ಮೇಡಂ ಕಡೆ ನೋಡಲೂ ಇಲ್ಲ. ಅಜ್ಜಿಯ ಎದುರು ನಿಂತು ಕೈ ಬೀಸಿದಳು. ಅಜ್ಜಿಯೂ ಬೀಸಿದರು. ಮತ್ತೆ ಅವಳು. ಮತ್ತೆ ಇವರು. ಲೈಬ್ರರಿ ಮುಚ್ಚುವ ಹೊತ್ತಾಗಿತ್ತು, ಹೇಳಬೇಕಿತ್ತು, ಆದರೆ ನಾನು ಬೀಗದ ಕೈ ಹಿಡಿದು ನೋಡುತ್ತಲೇ ನಿಂತೆ.