ಮಾವನ ಮಗಳು ಕಳಿಸಿದ ಕಸಿ ಚಾಕು

ಹೊಳೆನರಸೀಪುರ
೧೯-೯-೨೦೦೪, ಭಾನುವಾರ

ಚಿರಂಜೀವಿ ಎನ್ನೋಣವೆಂದರೆ ನನಗಿಂತ ಮೂರು ತಿಂಗಳು ದೊಡ್ಡವನಾದ, ಪ್ರಿಯ ಎನ್ನೋಣವೆಂದರೆ ಸದ್ಯಕ್ಕೆ ಮನಸ್ಸು ಬಾರದ ಶಶಿಕುಮಾರನಿಗೆ,

ಕೇದಾರ ಮಾಡುವ ನಮಸ್ಕಾರ. ಸಿಟ್ಟಿನಲ್ಲಿ ಮಾಡಿದ್ದು, ಆದ್ದರಿಂದ ಒಂದೇ ಕೈಯಲ್ಲಿ.

ಮೊದಲು ನನ್ನ ತಪ್ಪೊಪ್ಪಿಗೆ. ವಯಸ್ಸು ನಲವತ್ತೊಂದು, ಕಸುಬು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ, ಇದುವರೆಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಕೂಡ ಕೂತವನಲ್ಲ. ಇಂಥ ನಾನು ಕಳೆದ ಜೂನ್ ತಿಂಗಳಲ್ಲಿ, ಪೂರ್ಣ ಪ್ರಜ್ಞೆಯಿಂದ, ಜರ್ಮನಿಯ ಅಂಗಡಿಯೊಂದರಿಂದ ದುಡ್ಡು ಕೊಟ್ಟು ಚಾಕು ತರಿಸಿ, ಅದು ನನಗೆ ಬಂದ ಉಡುಗೊರೆ ಎಂದು ಭಾರತ ಸರ್ಕಾರಕ್ಕೆ ಸುಳ್ಳು ಹೇಳಿದ್ದೇನೆ. ಈ ಅಪರಾಧದಲ್ಲಿ ಎರಡನೇ ಆರೋಪಿ ನೀನು. ಹಾಸನದ ಸೈಬರ್ ಸೆಂಟರಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಾ, ‘ಗಿಫ್ಟು ಅಂತ ಬರ್ಸ್‌ಬುಡ್ಲಾ, ಯಾವನ್ ಕೇಳ್ತಾನೆ?’ ಎಂದವನು ನೀನು. ಕೇಳಿದರಪ್ಪಾ. ಎಲ್ಲರೂ ಕೇಳಿದರು.

ಆದರೆ ಈ ಕಾಗದ ಬರೆಯುತ್ತಿರುವುದು ಅದಕ್ಕಲ್ಲ. ಹೋದ ಗುರುವಾರ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ, ನನ್ನ ಇಬ್ಬರು ವಿದ್ಯಾರ್ಥಿಗಳು ನಿಂತಿರುವಾಗಲೇ ನೀನು, ‘ಆ ಕೇದಾರ ಕಸಿ ಮಾಡ್ತೀನಿ ಅಂತ ಮರಾನೇ ಕಸ್ಕೊಂಡ ಕಣ್ಲಾ’ ಎಂದೆಯಂತೆ. ಮರುದಿನ ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಅದೇ ಮಾತು ಕೇಳಿಬಂತು. ನನಗೆ ಎರಡು ಸಿಟ್ಟು ಬಂತು. ಒಂದು, ಮಾತು ಸುಳ್ಳು. ಇನ್ನೊಂದು, ಮಾತು ಚೆನ್ನಾಗಿದೆ. ಶ್ಲೇಷೆ ನನ್ನ ಇಲಾಖೆ ಶಶಿ. ಮೂವತ್ತು ವರ್ಷ ಜೊತೆಗಿದ್ದು ಒಂದು ಸಲವೂ ನಗಿಸದ ನೀನು, ನನಗೆ ಅವಮಾನ ಮಾಡುವಾಗಲೇ ಅದನ್ನು ಕಲಿಯಬೇಕಿತ್ತೇ?

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿಯಾದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಏನು ಬೇಕಾದರೂ ಹೇಳು.

ನಿಮ್ಮಮ್ಮ ಅನಸೂಯಮ್ಮನವರು ಮದುವೆಯಾಗಿ ಬಾಗೂರಿಗೆ ಬಂದಾಗ ತವರುಮನೆ ಕಟ್ಟಾಯದಿಂದ ಸೆರಗಿನಲ್ಲಿ ಕಟ್ಟಿ ತಂದ ಒಂದು ವಾಟೆ, ಅದರಿಂದ ಎದ್ದ ಮಾವಿನ ಮರ. ಕಟ್ಟಾಯದ ತಾಯಿಮರ ಎಂದೋ ಹೋಯಿತು. ಆ ಜಾತಿಯದು ಎಂದು ಉಳಿದಿದ್ದದ್ದು ಇದೊಂದೇ. ಪಾಲಾದಾಗ ಅದು ನಿನ್ನ ದಾಯಾದಿ ರಾಮಣ್ಣನ ಪಾಲಿಗೆ ಬಿತ್ತು. ಅವನಿಗೆ ಅಲ್ಲಿ ಕೊಬ್ಬರಿ ಗೋಡೌನು ಬೇಕು. ಜುಲೈ ಮುಗಿಯುವುದರೊಳಗೆ ಕಡಿಸುತ್ತೇನೆ ಎಂದ. ನೀನು ಮೇ ತಿಂಗಳಲ್ಲೇ ನನ್ನ ಹತ್ತಿರ ಬಂದು, ‘ನಾಕು ಕಡ್ಡಿ ತಗೊಂಡು ನಮ್ಮ ಹಿತ್ಲಲ್ಲಿರೋ ಸಸಿಗೆ ಕಸಿ ಮಾಡ್ಕೊಡೋ ಕೇದಾರ, ಅವ್ವ ಊಟ ಬಿಟ್ಟವ್ಳೆ’ ಎಂದೆ. ನಾನು ಹೂಂ ಎಂದೆ. ಹೂಂ ಎಂದಷ್ಟಕ್ಕೆ ನಿಲ್ಲಿಸಲಿಲ್ಲ, ಹನ್ನೆರಡು ವರ್ಷದ ಸರ್ವೀಸಿನಲ್ಲಿ ನನ್ನ ಒಂದು ಕಸಿಯೂ ಸೋತಿಲ್ಲ, ನೂರಕ್ಕೆ ನೂರು ಹಿಡಿದಿವೆ ಎಂದೆ. ಸಂತೆಯ ಚಾಕು ತೊಗಟೆ ಜಜ್ಜುತ್ತದೆ, ಇಂಥ ಮರಕ್ಕೆ ಇಂಥ ಚಾಕುವೇ ಬೇಕು ಎಂದೂ ಹೇಳಿದೆ. ಅದನ್ನು ಈಗಲೂ ಹೇಳುತ್ತೇನೆ. ವಿಜ್ಞಾನಿ ವಿಜ್ಞಾನಿಯ ಹಾಗೆ ಕೆಲಸ ಮಾಡಬೇಕು.

ಚಾಕು ಹೊರಟಿತು. ಪಾರ್ಸೆಲ್ಲಿನ ಮೇಲೆ ಅಂಗಡಿಯವರು ನಾವು ಕೇಳಿಕೊಂಡಂತೆ ‘ಗಿಫ್ಟ್’ ಎಂದು ಬರೆದರು, ಬೆಲೆ ಹತ್ತು ಯೂರೋ ಎಂದೂ ಬರೆದರು. ಪಾಪ, ಪ್ರಾಮಾಣಿಕ ಜನ. ಒಳಗೆ ಮೂವತ್ತೆಂಟು ಯೂರೋದ ಬಿಲ್ಲನ್ನು ಮಡಿಚಿ ಚಾಕುವಿನ ಪಕ್ಕದಲ್ಲೇ ಇಟ್ಟರು. ಹೊರಗೆ ಉಡುಗೊರೆ, ಒಳಗೆ ಬಿಲ್ಲು. ಬಿಲ್ಲು ಇದ್ದ ಮೇಲೆ ಬಾಣ ಬಿಡುವವರು ಇದ್ದೇ ಇರುತ್ತಾರೆ.

ಜೂನ್ ಇಪ್ಪತ್ತೆಂಟಕ್ಕೆ ನೋಟಿಸು ಬಂತು. ನಮಗೆ ಸೀಮೆಎಣ್ಣೆ ಗೊತ್ತು, ಸೀಮೆಹಸು ಗೊತ್ತು, ಸೀಮೆಬದನೆ ಗೊತ್ತು. ಸೀಮಾಸುಂಕ ಎಂಬ ಪದಾರ್ಥವನ್ನು ನಾನು ಕಂಡದ್ದು ಅವತ್ತೇ. ಉಡುಗೊರೆ ಕಳಿಸಿದವರು ನಿಮಗೆ ಏನಾಗಬೇಕು ಎಂದು ಅದರಲ್ಲಿ ಕೇಳಿದ್ದರು. ಕಳಿಸಿದವರ ಜಾಗದಲ್ಲಿ ಅಂಗಡಿಯ ಹೆಣ್ಣುಮಗಳೊಬ್ಬಳ ರುಜು ಇತ್ತು, ಉಲ್ರಿಕೆ ಎಂದು. ನಿನಗೆ ಫೋನು ಮಾಡಿದೆ. ನೀನು, ‘ಕಸಿನ್ ಅಂತ ಬರೀಲಾ, ಎಲ್ರೂ ಬರ್ಯೋದು ಅದ್ನೇ’ ಎಂದೆ. ಬರೆಯಲು ಕೂತರೆ ಕಸಿನ್ ಎಂಬುದು ತೀರಾ ಹಾರಿಕೆಯ ಮಾತು ಅನ್ನಿಸಿತು. ಅಧಿಕಾರಿಗಳಿಗೆ ಅನುಮಾನಕ್ಕೆ ಎಡೆಯಿರಬಾರದೆಂದು ಬಿಡಿಸಿ ಬರೆದೆ: ಸೋದರಮಾವನ ಮಗಳು.

ಆ ಉತ್ತರದ ನಕಲು ರಂಜನಿಯ ಕೈಗೆ ಸಿಕ್ಕಿತು. ಅವಳು ಅದನ್ನು ಎರಡು ಸಲ ಓದಿ, ‘ಅಷ್ಟು ಚೆನ್ನಾಗಿ ವರಸೆಯಾಗೋ ಹುಡುಗಿ ಇದ್ದಾಗ ನನ್ನನ್ನ ಯಾಕ್ರೀ ಕಟ್ಕೊಂಡ್ರಿ? ಚಾಕು ಕಳಿಸಿದ್ದಾಳೆ ಅಂದ್ರೆ ಪಾಪ ಇನ್ನೂ ಸಿಟ್ಟಿದೆ ಅವಳಿಗೆ’ ಎಂದಳು. ಇದು ನಗುವ ವಿಷಯವಲ್ಲ. ನಮ್ಮ ಮಾವ ಲಕ್ಷ್ಮೀನರಸಿಂಹ ಅರಕಲಗೂಡು ದಾಟಿ ಆಚೆ ಹೋದವರಲ್ಲ, ಅವರಿಗೆ ಜರ್ಮನಿಯಲ್ಲಿ ಮಗಳು ಹುಟ್ಟಿಸಿದ ಪಾಪ ನನ್ನದು.

ಆಮೇಲೆ ಬಂತು ಲೆಕ್ಕ. ಚಾಕುವಿನ ಬೆಲೆ, ಅದಕ್ಕೆ ಅಂಚೆ ಖರ್ಚು ಸೇರಿಸು, ಸೇರಿಸಿದ್ದಕ್ಕೆ ಒಂದು ಸುಂಕ, ಸುಂಕ ಸೇರಿಸಿದ ಮೊತ್ತಕ್ಕೆ ಮತ್ತೊಂದು ಸುಂಕ, ಸುಳ್ಳು ಹೇಳಿದ್ದಕ್ಕೆ ದಂಡ. ಸುಂಕದ ಹೆಗಲ ಮೇಲೆ ಸುಂಕ ಕೂತು ಸವಾರಿ ಹೊರಟಿತ್ತು. ಒಟ್ಟು ಸಾವಿರದ ನೂರ ನಲವತ್ತು ರೂಪಾಯಿ. ಕಸಿ ಮಾಡುವ ಚಾಕುವಿಗೇ ಕಸಿ ಕಟ್ಟಿದ್ದರು: ಬೇರು ನನ್ನದು, ಹಣ್ಣು ಅವರದು! ಡ್ಯೂಟಿ ಕಟ್ಟಿ ಎಂದರೆ, ನನ್ನ ಡ್ಯೂಟಿ ನಾನು ಮಾಡುತ್ತಿದ್ದೇನೆ, ನಿಮ್ಮದು ನೀವು ಮಾಡಿ ಎಂದೆ. ಗಿಡ ನೆಡುವವನ ಕೈಯಿಂದ ಚಾಕು ಕಿತ್ತುಕೊಳ್ಳುವ ನಾಡಿನಲ್ಲಿ ಮರ ಕಡಿಯುವವನ ಕೊಡಲಿಗೆ ಸುಂಕವಿಲ್ಲ. ಈ ಸಾಲನ್ನು ಅವರಿಗೆ ಬರೆದ ಆಕ್ಷೇಪಣೆಯಲ್ಲಿ ಇಂಗ್ಲಿಷಿನಲ್ಲಿ ಹಾಕಿದ್ದೆ. ಉತ್ತರ ಬರಲಿಲ್ಲ.

ಪಾರ್ಸೆಲ್ಲು ನನ್ನ ಕೈ ಸೇರಿದ್ದು ಆಗಸ್ಟ್ ಮೂರಕ್ಕೆ. ರಾಮಣ್ಣ ಮರ ಕಡಿಸಿದ್ದು ಜುಲೈ ಇಪ್ಪತ್ತೊಂಬತ್ತಕ್ಕೆ. ಐದೇ ದಿನ ಶಶಿ. ಈಗ ಹೇಳು, ಮರ ಕಸಿದುಕೊಂಡವನು ನಾನೋ, ಸರ್ಕಾರವೋ, ರಾಮಣ್ಣನೋ?

ನಿನ್ನನ್ನೂ ಬಿಡುವುದಿಲ್ಲ. ಆಗಸ್ಟ್ ಒಂದರ ಭಾನುವಾರ ನಾನು ಬಾಗೂರಿಗೆ ಬಂದಾಗ ನೀನು ಪಂಪ್‌ಸೆಟ್ ನೋಡಬೇಕು ಎಂದು ಎದ್ದು ಹೋದೆ. ನಿಮ್ಮಮ್ಮ ಒಳಗಿನಿಂದ ಕಾಫಿ ತಂದುಕೊಟ್ಟು, ‘ಚಾಕು ಬಂತೇನಪ್ಪಾ ಕೇದಾರ?’ ಎಂದರು. ಇಲ್ಲ ಅಮ್ಮಾ, ಕಸ್ಟಮ್ಸಿನಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದೆ. ‘ಬಾಳ ದೂರದಿಂದ ಬರ್ಬೇಕಲ್ವಾ, ಪಾಪ’ ಎಂದು, ಲೋಟ ಎತ್ತಿಕೊಂಡು ಒಳಗೆ ಹೋದರು. ನೀನು ಎದ್ದು ಹೋದದ್ದನ್ನು ಮರೆತೇನು, ಅವರು ಪಾಪ ಎಂದದ್ದನ್ನು ಮರೆಯುವುದು ಕಷ್ಟ. ಒಂದು ಬೈಗುಳ ಬೈದಿದ್ದರೆ ಬಸ್ಸಿನಲ್ಲಿ ನಿದ್ದೆಯಾದರೂ ಬರುತ್ತಿತ್ತು.

ಇನ್ನು ನಿಜವಾದ ವಿಷಯ. ಮೊನ್ನೆ ನಿನ್ನ ಹೆಂಡತಿ ಸೌಜನ್ಯ ರಂಜನಿಗೆ ಫೋನು ಮಾಡಿದ್ದಳು. ನಾವಿಬ್ಬರೂ ಮಾತು ಬಿಟ್ಟಿದ್ದರೂ ಅವರಿಬ್ಬರು ಬಿಟ್ಟಿಲ್ಲ. ಕಡಿದ ಬೊಡ್ಡೆಯ ಪಕ್ಕದಲ್ಲಿ ಕೆಂಪಗೆ ಚಿಗುರು ಒಡೆದಿದೆಯಂತೆ, ಐದಾರು ಕುಡಿ. ದಸರಾ ಕಳೆದ ಮೇಲೆ ರಾಮಣ್ಣ ಬೊಡ್ಡೆ ಕೀಳಿಸಿ ಪಾಯ ತೆಗೆಸುತ್ತಾನಂತೆ. ಕುಡಿ ಬಲಿಯುವುದಕ್ಕೆ ಇನ್ನೂ ಮೂರು ವಾರ ಬೇಕು. ಅಕ್ಟೋಬರ್ ಹತ್ತರ ಭಾನುವಾರ ಬೆಳಗಿನ ಬಸ್ಸಿಗೆ ನಾನು ಬರುತ್ತೇನೆ. ನಮ್ಮ ಕಾಲೇಜಿನ ತೋಟದ ಚೆನ್ನಯ್ಯನೂ ಬರುತ್ತಾನೆ, ಸಾಮಾನು ಹಿಡಿದುಕೊಳ್ಳುವುದಕ್ಕೆ. ಅಲ್ಲಿಯವರೆಗೆ ರಾಮಣ್ಣ ಬೊಡ್ಡೆಗೆ ಕೈ ಹಚ್ಚದ ಹಾಗೆ ನೋಡಿಕೋ. ಅವನ ಕಾಲು ಹಿಡಿ, ಇಲ್ಲ ಕುತ್ತಿಗೆ ಹಿಡಿ. ಸುತ್ತ ಮುಳ್ಳು ಹಾಕಿಸು, ಮೇಕೆ ಬಾಯಿ ಹಾಕಿದರೆ ಈ ಸಲ ಅದೂ ನನ್ನ ತಲೆಗೇ ಬರುತ್ತದೆ.

ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ನನ್ನದೂ ಇದೆ. ಬೊಡ್ಡೆ ಮಾತ್ರ ಉಳಿಯಲಿ.

ಇಂತು,
ಸುಂಕದವರಿಂದಲೂ ಸ್ನೇಹಿತನಿಂದಲೂ ಹಿಂಡಿಸಿಕೊಂಡ
ಕೇದಾರ

ತಾ.ಕ.: ರಂಜನಿ ಕಾಗದ ಓದಿದಳು. ‘ಎಲ್ಲಾ ಬರೆದಿದ್ದೀರಿ, ತಾರೀಖು ಒಂದು ಬಿಟ್ಟಿದ್ದೀರಿ. ಅದನ್ನೂ ಸೇರಿಸದಿದ್ದರೆ ನಾನೇ ಸೌಜನ್ಯಂಗೆ ಫೋನು ಮಾಡ್ತೀನಿ’ ಎಂದು ಪೆನ್ನು ವಾಪಸ್ಸು ಕೈಗೆ ಕೊಟ್ಟಿದ್ದಾಳೆ. ಪಾರ್ಸೆಲ್ಲು ನನ್ನ ಕೈ ಸೇರಿದ್ದು ಆಗಸ್ಟ್ ಮೂರಕ್ಕೆ ಎಂಬುದು ನಿಜ. ಆದರೆ ಹೊಳೆನರಸೀಪುರದ ಅಂಚೆ ಕಚೇರಿಗೆ ಅದು ಬಂದು ಕೂತದ್ದು ಜುಲೈ ಹದಿನಾರಕ್ಕೆ. ಪೋಸ್ಟ್‌ಮ್ಯಾನ್ ಮೂರು ಸಲ ಬಂದು, ‘ದುಡ್ ಕಟ್ಟಿ ತಗೋಬುಡಿ ಸಾ’ ಎಂದ. ರಂಜನಿ ಸಾವಿರದ ನೂರ ನಲವತ್ತನ್ನು ಎಣಿಸಿ ಮೇಜಿನ ಮೇಲಿಟ್ಟಳು. ನಾನು ತತ್ವ ಎಂದೆ, ಅನ್ಯಾಯ ಎಂದೆ, ಹದಿನೆಂಟು ದಿನ ಆಕ್ಷೇಪಣೆ ತಿದ್ದುತ್ತಾ ಕೂತೆ. ತತ್ವವಲ್ಲ ಶಶಿ, ಹೆದರಿಕೆ. ಚಾಕು ಕೈಗೆ ಬಂದರೆ ಬಾಗೂರಿಗೆ ಬರಬೇಕು, ನಿಮ್ಮಮ್ಮನ ಎದುರಿಗೆ ಆ ಮರದ ಕುಡಿ ಕೊಯ್ಯಬೇಕು. ಹತ್ತನೇ ತಾರೀಖು ಕಸಿ ಮಾಡುವವರು ಚೆನ್ನಯ್ಯನವರು, ಅರ್ಧ ಶೇವಿಂಗ್ ಬ್ಲೇಡಿನಲ್ಲಿ; ಸಾಮಾನು ಹಿಡಿದುಕೊಳ್ಳುವವನು ನಾನು. ಹನ್ನೆರಡು ವರ್ಷದಲ್ಲಿ ನಾನು ಮಾಡಿದ ಕಸಿಗಳೆಲ್ಲ ಕರಿಹಲಗೆಯ ಮೇಲೆ. ನೂರಕ್ಕೆ ನೂರು ಹಿಡಿದಿರುವುದು ಅಲ್ಲಿ.