ಹಸಿರು ನಂಬರು

ಮಂಗಳವಾರ, ಮಧ್ಯಾಹ್ನ
ವಾರ್ಡಿನ ಹೊರಗಿನ ಬೆಂಚು

ಮಗಳೇ,

ಕ್ಷೇಮವೇ ಎಂದು ಕೇಳುವುದಿಲ್ಲ. ನಿನ್ನೆ ನಿಮ್ಮಪ್ಪ ನಿನ್ನನ್ನು ಬಾಗಿಲಿಂದಲೇ ಅಟ್ಟಿದರು. ಫೋನ್ ಮಾಡಿದರೆ ನೀನು ಅಳುತ್ತೀಯ, ನಾನು ರೇಗುತ್ತೇನೆ. ಅದಕ್ಕೇ ಈ ಕಾಗದ, ಪಕ್ಕದ ಹಾಸಿಗೆಯವರ ಹುಡುಗನ ಕೈಲಿ ಕಳಿಸುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅಕ್ಷರದ ತಪ್ಪು ಹುಡುಕಬೇಡ. ದೊಡ್ಡ ತಪ್ಪು ಕೆಳಗಿದೆ.

ನೀನು ಹಾಕಿಕೊಟ್ಟ ಶುಗರ್ ಆ್ಯಪ್ ಸುಳ್ಳು ಹೇಳಿ ಕಾಲು ಕೊಳೆಸಿತು ಎನ್ನುತ್ತಾರೆ ಅವರು. ಆ್ಯಪ್ ಸುಳ್ಳು ಹೇಳಲಿಲ್ಲ. ಆರು ತಿಂಗಳಿಂದ ಅದಕ್ಕೆ ಹೋದದ್ದು ನನ್ನ ರಕ್ತದ ನಂಬರು.

ಮೊದಲ ವಾರವೇ, ಶುಗರ್ ನೋಡಲು ಚುಚ್ಚಿದ ಅವರ ಬೆರಳಿಂದ, ಹೊಲಿಯುತ್ತಿದ್ದ ಗಿರಾಕಿಯ ಬಿಳಿ ಬಟ್ಟೆಗೆ ರಕ್ತ ಹತ್ತಿತು. ಕತ್ತರಿ ಬಿಸಾಡಿದರು. ನಂಬರು ಅಳಿಯನ ಫೋನಿಗೂ ಹೋಗುತ್ತದೆ ಎಂದು ನೀನು ಬೇರೆ ಹೇಳಿದ್ದೆ. ಅಳಿಯನ ಮುಂದೆ ನನ್ನ ಮಾನ ಕಳೀತೀರಾ ಎಂದು ನನ್ನ ಹತ್ತಿರ ಎರಡು ದಿನ ಮಾತು ಬಿಟ್ಟರು.

ನಂಬರು ಬರದಿದ್ದರೆ ಬೆಳಿಗ್ಗೆ ಏಳಕ್ಕೇ ನೀನು ಪ್ರಾಣ ತಿನ್ನುತ್ತಿದ್ದೆ. ರೇಗಿ ನನ್ನ ಬೆರಳಿಗೇ ಚುಚ್ಚಿಕೊಂಡೆ. ಶುಗರ್ ಸರಿ ಇದೆ ಎಂದು ಫೋನಿನಲ್ಲಿ ಹಸಿರು ಬಂತು. ಇನ್ನು ಚುಚ್ಚುವುದು ಬೇಡವಂತೆ, ಫೋನಿನ ಮೇಲೆ ಹೆಬ್ಬೆಟ್ಟು ಒತ್ತಿದರೆ ಸಾಕಂತೆ ಎಂದು ಅವರಿಗೆ ಹೇಳಿದೆ. ದಿನಾ ನಾನು ಅಡುಗೆಮನೆಯಲ್ಲಿ ಚುಚ್ಚಿಕೊಂಡು ಬಂದ ಮೇಲೆ ಅವರು ಒತ್ತಿ, ಹಸಿರು ನೋಡಿ ಮಗುವಿನ ಹಾಗೆ ನಗುತ್ತಿದ್ದರು. ಅಪ್ಪ ಎಷ್ಟು ಚೆನ್ನಾಗಿ ಪಥ್ಯ ಮಾಡ್ತಿದಾರಮ್ಮ ಎಂದು ನೀನೂ ನಕ್ಕೆ. ಆ ಹಸಿರು ನೋಡಿ ಡಾಕ್ಟರು ಮಾತ್ರೆ ಅರ್ಧ ಮಾಡಿದಾಗ ನಾನು ಪಕ್ಕದಲ್ಲೇ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ನಾಳೆ ಕಾಲು ತೆಗೆಯದಿದ್ದರೆ ಜೀವ ಉಳಿಯುವುದಿಲ್ಲವಂತೆ. ಅವರು ಸಹಿ ಹಾಕುತ್ತಿಲ್ಲ. ಮಗಳ ಫೋನೂ ಸುಳ್ಳು, ಈ ಆಸ್ಪತ್ರೆಯವರ ಮಿಷನ್ನೂ ಸುಳ್ಳು, ಹೊಲಿಗೆ ಯಂತ್ರ ತುಳಿಯೋ ಕಾಲು ಕೊಡಲ್ಲ ಅನ್ನುತ್ತಾರೆ. ಮೂರು ಸಲ ಹೇಳಲು ಹೋದೆ. ಮೂರು ಸಲವೂ ಈ ಬೆಂಚಿಗೇ ವಾಪಸು ಬಂದೆ. ಇವತ್ತೇ ಬಂದು ಈ ಕಾಗದವನ್ನು ಅವರಿಗೆ ಓದಿ ಹೇಳು. ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನು.

ನಿನ್ನ ಮುಖ ನೋಡಲಾರದ
ಅಮ್ಮ

ಮರೆತಿದ್ದಲ್ಲ, ಈಗ ಆದದ್ದು: ಕಾಗದ ಮಡಿಸುವ ಮೊದಲು ನೀರು ಕುಡಿಸಲು ಹೋಗಿದ್ದೆ. ನನ್ನ ಕೈ ಹಿಡಿದು ಬೆರಳ ತುದಿಗಳನ್ನು ಸವರಿದರು. ಗುಂಡಿಯ ಕಾಜಾ ಹೊಲಿಯೋಳಿಗೆ ಒಂದು ಬೆರಳು ತೂತಾಗುತ್ತೆ, ಹತ್ತೂ ಯಾಕೆ ಎಂದು ಕೇಳಿದರು. ನಾನು ಬೆರಳು ಮಡಚಿಕೊಂಡೆ. ತಮ್ಮ ಹೆಬ್ಬೆಟ್ಟು ನೋಡಿಕೊಂಡು, ಪೆನ್ನು ಕೇಳಿ ಸಹಿ ಹಾಕಿದರು. ಮಗಳನ್ನ ಕರೆಸು, ನೀನು ಹೊರಗಿರು ಎಂದರು. ಕೆಳಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನನ್ನ ಹತ್ತಿರ ನಿಲ್ಲಬೇಡ, ನೇರ ಒಳಗೆ ಹೋಗು.